ಆರೈಕೆ ಮನೆಯಲ್ಲೇ ಇರಲಿ, ಒಬ್ಬಳ ಮೇಲೆಯೇ ಬೇಡ

ನಿಮ್ಮ ಓಣಿಯ ಮನೆಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳಿ. ಆರು ತಿಂಗಳಿಂದ, ವರ್ಷದಿಂದ, ಕೆಲವೊಮ್ಮೆ ಐದಾರು ವರ್ಷಗಳಿಂದ ಹಾಸಿಗೆ ಬಿಟ್ಟೇಳದ ಒಬ್ಬರು ಯಾವುದಾದರೂ ಮನೆಯ ಒಳಕೋಣೆಯಲ್ಲಿ ಇದ್ದೇ ಇರುತ್ತಾರೆ. ಒಬ್ಬರಿಗೆ ಲಕ್ವ ಹೊಡೆದಿದೆ. ಇನ್ನೊಂದು ಮನೆಯ ದಾದಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಮತ್ತೊಬ್ಬರ ಕಾಲನ್ನು ಸಕ್ಕರೆ ಕಾಯಿಲೆ ತಿಂದಿದೆ. ಸತ್ತಿಯಲ್ಲಾಗಲಿ, ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಬೇರೆ ಊರುಗಳಲ್ಲಾಗಲಿ ಕಥೆ ಒಂದೇ. ಮಿರಜಕ್ಕೋ ಬೆಳಗಾವಿಗೋ ಓಡುತ್ತೇವೆ, ಸಾಲ ಮಾಡಿ ಬಿಲ್ಲು ಕಟ್ಟುತ್ತೇವೆ, ಕೊನೆಗೆ "ಇನ್ನು ಮನೆಗೆ ಕರೆದುಕೊಂಡು ಹೋಗಿ ಸೇವೆ ಮಾಡಿ" ಎಂಬ ಮಾತು ಕೇಳಿಕೊಂಡು ವಾಪಸು ಬರುತ್ತೇವೆ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಹೆಸರು ಇರುತ್ತದೆ. ಸೇವೆ ಹೇಗೆ ಮಾಡಬೇಕು, ಯಾರು ಮಾಡಬೇಕು, ಎಷ್ಟು ವರ್ಷ ಮಾಡಬೇಕು ಎಂಬುದು ಇರುವುದಿಲ್ಲ.

ಇದು ಒಂದೆರಡು ಮನೆಗಳ ಕಷ್ಟವಲ್ಲ. 2017-18ರಲ್ಲಿ ದೇಶಾದ್ಯಂತ ನಡೆದ ಹಿರಿಯರ ಆರೋಗ್ಯದ ದೊಡ್ಡ ಸಮೀಕ್ಷೆಯೊಂದು (ಅದನ್ನು 'ಲಾಸಿ' ಎಂದು ಕರೆಯುತ್ತಾರೆ) ಹೇಳುವಂತೆ, 60 ದಾಟಿದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಊಟ, ಶೌಚ, ನಡಿಗೆ, ಹಾಸಿಗೆಯಿಂದ ಏಳುವುದು, ಇವುಗಳಲ್ಲಿ ಒಂದಾದರೂ ಕಷ್ಟವಾಗಿದೆ. ಇವರೆಲ್ಲ ಹಾಸಿಗೆ ಹಿಡಿದವರಲ್ಲ, ನಿಜ. ಆದರೆ ದಾರಿ ಆ ಕಡೆಗೇ ಇದೆ.

"ನಮ್ಮಲ್ಲಿ ವೃದ್ಧಾಶ್ರಮಕ್ಕೆ ಕಳಿಸುವ ಪದ್ಧತಿ ಇಲ್ಲ, ನಾವು ಮನೆಯಲ್ಲೇ ನೋಡಿಕೊಳ್ಳುತ್ತೇವೆ" ಎಂದು ನೀವು ಹೇಳುತ್ತೀರಿ. ಒಳ್ಳೆಯ ಮಾತು. ಹಾಸಿಗೆ ಹಿಡಿದ ಹಿರಿಯರಿಗೆ ಅವರ ಮನೆಗಿಂತ ಒಳ್ಳೆಯ ಜಾಗ ಇಲ್ಲ ಎಂದು ವೈದ್ಯನಾಗಿ ನಾನೂ ನಂಬುತ್ತೇನೆ. ಪರಿಚಿತ ಧ್ವನಿ, ಅಝಾನ್ ಕೇಳಿಸುವ ಕಿಟಕಿ, ಮೊಮ್ಮಕ್ಕಳ ಗದ್ದಲ ಯಾವ ವಾರ್ಡಿನಲ್ಲೂ ಸಿಗುವುದಿಲ್ಲ. ಆದರೆ ಮನೆಯಲ್ಲಿ ಮಲಗಿಸುವುದೇ ಮನೆ ಆರೈಕೆ ಎಂದು ತಿಳಿದಿದ್ದೇವಲ್ಲ, ಅಲ್ಲಿ ನನ್ನ ತಕರಾರು ಇದೆ. ಮನೆ ಆರೈಕೆ ಫಲ ಕೊಡಬೇಕಾದರೆ ಕಲಿತವರೊಬ್ಬರು ಆ ಮನೆಗೆ ಆಗಾಗ ಬಂದು ಹೋಗುತ್ತಿರಬೇಕು. ಆರೈಕೆ ಮಾಡುವವಳನ್ನು ಎರಡನೆಯ ರೋಗಿ ಎಂದು ಎಣಿಸಬೇಕು. ಇವೆರಡು ಇಲ್ಲದಿದ್ದರೆ ನಾವು ಸೇವೆ ಎನ್ನುತ್ತಿರುವುದು ಒಬ್ಬ ಹೆಣ್ಣುಮಗಳ ಮೈಮೂಳೆ ಸವೆಸುವ ಕೆಲಸ.

ಇದು ನನ್ನ ಊಹೆಯ ಮಾತಲ್ಲ. ನಮ್ಮ ಬೆಳಗಾವಿಯಿಂದ ಘಟ್ಟ ಇಳಿದರೆ ಗೋವಾ. ಅಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಬಂದ ಹಿರಿಯರಿದ್ದ 81 ಕುಟುಂಬಗಳೊಂದಿಗೆ ಒಂದು ಅಧ್ಯಯನ ನಡೆಯಿತು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮನೆಗಳಿಗೆ ಸ್ಥಳೀಯ ಭಾಷೆ ಬಲ್ಲ, ತರಬೇತಿ ಪಡೆದ ಸಲಹೆಗಾರರು ಆರು ತಿಂಗಳು ಬಂದುಹೋಗುತ್ತಿದ್ದರು. ಅವರು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಕಾಯಿಲೆ ಏನೆಂದು ತಿಳಿಸುವುದು, ರಾತ್ರಿ ಎದ್ದು ಅಲೆಯುವ ಹಿರಿಯರನ್ನು ಹೇಗೆ ಸಂಭಾಳಿಸಬೇಕೆಂದು ಹೇಳುವುದು, ಬೇಕಾದಾಗ ವೈದ್ಯರಿಗೆ ತಿಳಿಸುವುದು, ಆರೈಕೆ ಮಾಡುವವರ ಸಂಕಟ ಕೇಳುವುದು, ಇಷ್ಟೇ ಅವರ ಕೆಲಸ. ಆರು ತಿಂಗಳ ಬಳಿಕ ನೋಡಿದರೆ ರೋಗಿಗಳ ವರ್ತನೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಿರಲಿಲ್ಲ. ಆದರೆ ಆರೈಕೆ ಮಾಡುವವರ ಮಾನಸಿಕ ಆರೋಗ್ಯ ಸ್ಪಷ್ಟವಾಗಿ ಸುಧಾರಿಸಿತ್ತು.

ಇನ್ನೊಂದು ಅಧ್ಯಯನ ಇದಕ್ಕಿಂತ ದೊಡ್ಡದು, ನಮಗೆ ಸ್ವಲ್ಪ ಕಹಿಯಾದದ್ದು. ಹೆಸರು 'ಅಟೆಂಡ್'. ಲಕ್ವ ಹೊಡೆದ 1,250 ಮಂದಿ, ಭಾರತದ 14 ಆಸ್ಪತ್ರೆಗಳು. ಅರ್ಧದಷ್ಟು ರೋಗಿಗಳ ಮನೆಯವರಲ್ಲಿ ಒಬ್ಬರನ್ನು ಆರಿಸಿ ವ್ಯಾಯಾಮ ಮಾಡಿಸುವುದು, ಕೂರಿಸುವುದು, ನಡೆಸುವುದನ್ನು ಆಸ್ಪತ್ರೆಯಲ್ಲೇ ಕಲಿಸಿದರು. ಆಮೇಲೆ ಕೆಲವು ಬಾರಿ ಮನೆಗೂ ಹೋಗಿ ಹೇಳಿಕೊಟ್ಟರು. ಉಳಿದವರಿಗೆ ಎಂದಿನ ಚಿಕಿತ್ಸೆ ಮಾತ್ರ. ಆರು ತಿಂಗಳಾದ ಮೇಲೆ ತೀರಿಕೊಂಡವರು ಮತ್ತು ಇನ್ನೊಬ್ಬರನ್ನೇ ಅವಲಂಬಿಸಿ ಉಳಿದವರು ಎರಡೂ ಗುಂಪುಗಳಲ್ಲಿ ಶೇ. 47. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದ ಸಂಶೋಧಕರೇ ಹೇಳಿದರು: ಫಿಸಿಯೋಥೆರಪಿಯ ಹೊಣೆಯನ್ನು ಮನೆಯವರ ತಲೆಗೆ ದಾಟಿಸಿ ಕೈತೊಳೆದುಕೊಳ್ಳುವುದು ಉತ್ತರವಲ್ಲ, ತರಬೇತಿ ಪಡೆದ ಆರೋಗ್ಯ ಸಹಾಯಕರು ಅಥವಾ ಊರಮಟ್ಟದ ತಂಡ ಅದನ್ನು ಮಾಡಿದರೆ ಏನಾಗುತ್ತದೆಂದು ಮುಂದೆ ನೋಡಬೇಕು ಎಂದು.

ಅಮೆರಿಕದಂಥ ಶ್ರೀಮಂತ ದೇಶದಲ್ಲೂ 1980ರ ದಶಕದಲ್ಲಿ ಹತ್ತು ಕಡೆ ಇಂಥ ಪ್ರಯೋಗ ಮಾಡಿದ್ದರು. ಮನೆ ಆರೈಕೆ ಕೊಟ್ಟರೆ ನರ್ಸಿಂಗ್ ಹೋಮಿನ ಖರ್ಚು ಉಳಿಯುತ್ತದೆ ಎಂಬ ಲೆಕ್ಕ ಅವರದು. ಖರ್ಚು ಉಳಿಯಲಿಲ್ಲ, ಹೆಚ್ಚಾಯಿತು. ಆದರೆ ಹಿರಿಯರ ಈಡೇರದ ಅಗತ್ಯಗಳು ಕಡಿಮೆಯಾದವು, ಅವರಿಗೂ ಮನೆಯವರಿಗೂ ನೆಮ್ಮದಿ ಹೆಚ್ಚಿತು.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಾವು ತಪ್ಪು ತಕ್ಕಡಿಯಲ್ಲಿ ತೂಗುತ್ತಿದ್ದೇವೆ ಅನಿಸುತ್ತದೆ. "ಇಷ್ಟು ದಿನ ಸೇವೆ ಮಾಡಿದರೂ ಅಬ್ಬಾ ಎದ್ದು ನಡೆಯಲಿಲ್ಲವಲ್ಲ" ಎಂದು ಕೇಳುವವರು ನನ್ನ ದವಾಖಾನೆಗೆ ಬರುತ್ತಲೇ ಇರುತ್ತಾರೆ. ನಡೆಯದೆಯೂ ಇರಬಹುದು. ನೀವು ಕೇಳಬೇಕಾದದ್ದು ಬೇರೆ. ಅವರ ಬೆನ್ನಿನ ಚರ್ಮ ಗಟ್ಟಿಯಾಗಿ ಉಳಿದಿದೆಯೇ? ನೋವಿಲ್ಲದೆ ನಿದ್ದೆ ಮಾಡುತ್ತಾರೆಯೇ? ಊಟ ಗಂಟಲಲ್ಲಿ ಸಿಕ್ಕದೆ ಇಳಿಯುತ್ತದೆಯೇ? ಮೈ, ಬಟ್ಟೆ ಒಣಗಿವೆಯೇ? ಅವರನ್ನು ನೋಡಿಕೊಳ್ಳುವವಳು ನಿನ್ನೆ ರಾತ್ರಿ ಎಷ್ಟು ಗಂಟೆ ಮಲಗಿದಳು?

ಯುನಾನಿಯಲ್ಲಿ 'ಅಸ್ಬಾಬೆ ಸಿತ್ತಾ ಝರೂರಿಯಾ' ಎಂಬ ಪಾಠ ಇದೆ. ಗಾಳಿ, ಅನ್ನ-ನೀರು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಿಂದ ಹೊರಹೋಗಬೇಕಾದ್ದು ಹೋಗಿ ಉಳಿಯಬೇಕಾದ್ದು ಉಳಿಯುವುದು. ಆರೋಗ್ಯ ನಿಂತಿರುವುದು ಈ ಆರರ ಮೇಲೆ ಎಂದು ನಮ್ಮ ಹಕೀಮರು ಬರೆದಿಟ್ಟರು. ಕಾಲೇಜಿನಲ್ಲಿ ಓದುವಾಗ ಇದು ಪರೀಕ್ಷೆಗೆ ಬರುವ ಪ್ರಶ್ನೆ ಅಷ್ಟೇ ಆಗಿತ್ತು. ಹಾಸಿಗೆ ಹಿಡಿದವರ ಕೋಣೆಗೆ ಕಾಲಿಟ್ಟಾಗ ಅರ್ಥವಾಗುತ್ತದೆ, ಆರಕ್ಕೆ ಆರೂ ಅಲ್ಲಿ ಕೆಟ್ಟಿರುತ್ತವೆ. ಥಂಡಿ ಆಗುತ್ತದೆಂದು ಕಿಟಕಿ ಮುಚ್ಚಿರುತ್ತಾರೆ. ಹಗಲೆಲ್ಲ ಮಂಪರು, ರಾತ್ರಿಯೆಲ್ಲ ಎಚ್ಚರ. ಮಾತಾಡಿಸುವವರಿಲ್ಲ.

ಎಲ್ಲಕ್ಕಿಂತ ಹೆಚ್ಚು ನಾನು ನೋಡುವುದು ಹಾಸಿಗೆ ಹುಣ್ಣು. ಒಂದೇ ಮಗ್ಗುಲಲ್ಲಿ ಮಲಗಿದಾಗ ಮೂಳೆ ಮತ್ತು ಹಾಸಿಗೆಯ ನಡುವೆ ಚರ್ಮ ಒತ್ತಿಕೊಂಡು ಅಲ್ಲಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಬೆನ್ನಿನ ಕೆಳತುದಿ, ಸೊಂಟದ ಪಕ್ಕ, ಹಿಮ್ಮಡಿ ಇವೇ ಮೊದಲು ಸೋಲುವ ಜಾಗಗಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎಂದು ಹೇಳುವುದು ಇದಕ್ಕೇ. ಬೆರಳಿನಿಂದ ಒತ್ತಿ ಬಿಟ್ಟರೂ ಕೆಂಪು ಮಾಯವಾಗದಿದ್ದರೆ ಹುಣ್ಣು ಶುರುವಾಗಿದೆ ಎಂದೇ ಲೆಕ್ಕ. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣಿಸದೆ ಹೋಗಬಹುದು. ಆ ಜಾಗ ಸುತ್ತಲಿಗಿಂತ ಬಿಸಿಯಾಗಿ, ಗಟ್ಟಿಯಾಗಿ, ಹೆಚ್ಚು ಕಪ್ಪಾಗಿ ಇದೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಅಲ್ಲಿ ಎಣ್ಣೆ ಹಾಕಿ ತಿಕ್ಕಬೇಡಿ. ಯುನಾನಿ ವೈದ್ಯನೇ ಹೀಗೆ ಹೇಳುತ್ತಿದ್ದಾನಲ್ಲ ಎಂದು ಅಚ್ಚರಿಪಡಬೇಡಿ. 'ದಲ್ಕ್', ಅಂದರೆ ಮಾಲೀಸು, ನಮ್ಮ ಪದ್ಧತಿಯ ದೊಡ್ಡ ಸಾಧನ. ಬಿಗಿದ ಕೈಕಾಲಿಗೆ ಹಗುರ ಮಾಲೀಸು ಹಿತ ಕೊಡುತ್ತದೆ. ಆದರೆ ಸೋಲುತ್ತಿರುವ ಚರ್ಮವನ್ನು ತಿಕ್ಕಿದರೆ ಒಳಗಿನ ಮಾಂಸ ಇನ್ನಷ್ಟು ಹಾಳಾಗುತ್ತದೆ. ಅರಿಶಿನ, ಬೂದಿ, ಪೌಡರ್ ಯಾವುದನ್ನೂ ಹುಣ್ಣಿಗೆ ತುಂಬಬೇಡಿ. ನಡುವೆ ತೂತಿರುವ ಟ್ಯೂಬಿನಂಥ ದಿಂಬನ್ನು ತಂದುಕೊಡುವ ಮಕ್ಕಳು ಬಹಳ ಇದ್ದಾರೆ. ಅದು ಸುತ್ತಲಿನ ಚರ್ಮವನ್ನೇ ಒತ್ತಿಹಿಡಿಯುತ್ತದೆ. ಆ ಹಣವನ್ನು ಗಾಳಿ ತುಂಬಿ ಇಳಿಯುವ ಏರ್‌ಬೆಡ್ಡಿಗೆ ಹಾಕಿ.

ಊಟದ್ದು ಎರಡನೆಯ ಅಪಾಯ. ಲಕ್ವ ಹೊಡೆದವರಲ್ಲಿ ಅನೇಕರಿಗೆ ನುಂಗುವ ಶಕ್ತಿ ಕುಂದಿರುತ್ತದೆ. ಮಲಗಿಸಿಯೇ ಚಮಚದಲ್ಲಿ ಚಹಾ ಕುಡಿಸಿದರೆ ಅದು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿಯುತ್ತದೆ, ವಾರದೊಳಗೆ ನ್ಯುಮೋನಿಯಾ ಎಂದು ಮತ್ತೆ ಮಿರಜದ ದಾರಿ ಹಿಡಿಯಬೇಕಾಗುತ್ತದೆ. ನೆಟ್ಟಗೆ ಕೂರಿಸಿ ತಿನ್ನಿಸಿ. ತಿಂದ ಮೇಲೂ ಅರ್ಧ ಗಂಟೆ ಕೂತೇ ಇರಲಿ. ನೀರು ಕುಡಿದ ತಕ್ಷಣ ಕೆಮ್ಮು ಬಂದರೆ, ಧ್ವನಿ ಗೊರಗೊರ ಎಂದರೆ ವೈದ್ಯರಿಗೆ ತೋರಿಸುವವರೆಗೆ ತೆಳ್ಳನೆಯದು ಏನನ್ನೂ ಕೊಡಬೇಡಿ. ಇನ್ನು, ಸೋತ ಕೈಯನ್ನು ಹಿಡಿದೆಳೆದು ಎಬ್ಬಿಸುವುದನ್ನು ದಯವಿಟ್ಟು ನಿಲ್ಲಿಸಿ. ಭುಜದ ಕೀಲು ಜಾರುತ್ತದೆ, ಆ ನೋವು ಲಕ್ವಕ್ಕಿಂತ ಕೆಟ್ಟದ್ದು. ಮೂತ್ರದ ಪೈಪ್ ಹಾಕಿದ್ದರೆ ಚೀಲ ಸದಾ ಸೊಂಟಕ್ಕಿಂತ ಕೆಳಗೆ ತೂಗಲಿ, ನೆಲಕ್ಕೆ ತಾಗದಿರಲಿ. ಮುಟ್ಟುವ ಮೊದಲು, ಮುಟ್ಟಿದ ನಂತರ ಕೈಗೆ ಸಾಬೂನು.

(ಲಕ್ವ ಹೊಡೆದ ಮೊದಲ ದಿನದ ಬಗ್ಗೆಯೂ ಒಂದು ಮಾತು. ಪಾರಿವಾಳದ ರಕ್ತ ಹಚ್ಚುವವರ ಬಳಿ ಓಡುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ಅದು ಯುನಾನಿಯೂ ಅಲ್ಲ, ವೈದ್ಯವೂ ಅಲ್ಲ. ರಕ್ತನಾಳದಲ್ಲಿ ಗಡ್ಡೆ ಕಟ್ಟಿ ಆಗುವ ಲಕ್ವಕ್ಕೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬಾಯಿ ಸೊಟ್ಟಗಾಗಿ, ಕೈ ಬಿದ್ದು, ಮಾತು ತೊದಲಿದ ಕ್ಷಣದಿಂದ ಗಡಿಯಾರ ಓಡುತ್ತಿರುತ್ತದೆ. 108ಕ್ಕೆ ಕರೆ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಬಿ.ಪಿ. ಮಾತ್ರೆಯನ್ನು ಯಾವ ಮಾಜೂನೂ ಬದಲಿಸುವುದಿಲ್ಲ.)

ಮೇಲೆ ಹೇಳಿದ್ದರಲ್ಲಿ ಕಷ್ಟದ ವಿದ್ಯೆ ಯಾವುದೂ ಇಲ್ಲ. ಆದರೂ ಪ್ರತಿ ಮನೆಯಲ್ಲೂ ಮೊದಲು ಹುಣ್ಣಾಗಿ ಆಮೇಲೆ ಕಲಿಯುತ್ತಾರೆ. ಒಂದು ಮನೆ ಕಲಿತದ್ದು ಪಕ್ಕದ ಮನೆಗೆ ದಾಟುವುದಿಲ್ಲ. ಹುಣ್ಣಾಗುವ ಮೊದಲೇ ಬಾಗಿಲು ತಟ್ಟಿ "ಒಮ್ಮೆ ಬೆನ್ನು ತೋರಿಸಿ" ಎನ್ನುವ ಒಬ್ಬರು ಬೇಕು ಎನ್ನುವುದು ಇದಕ್ಕೇ.

ಶುಚಿತ್ವದ ವಿಷಯದಲ್ಲಿ ನಮ್ಮ ಹಿರಿಯರ ಸಂಕಟ ಹೊರಗೆ ಕಾಣುವುದಿಲ್ಲ. ಎಷ್ಟೋ ದಾದಿ-ನಾನಿಯರು ಸೊಸೆಗೆ ತೊಂದರೆ ಎಂದು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮಲಬದ್ಧತೆ, ಉರಿಮೂತ್ರ, ಒಮ್ಮೊಮ್ಮೆ ಬುದ್ಧಿಭ್ರಮೆಯವರೆಗೂ ಅದು ಹೋಗುತ್ತದೆ. "ಪೈಪ್ ಹಾಕಿದ್ದಾರೆ, ಬಟ್ಟೆ ಪಾಕ್ ಇಲ್ಲ, ನನ್ನ ನಮಾಝ್ ಹೋಯಿತು" ಎಂದು ಅಳುವವರನ್ನು ನೋಡಿದ್ದೇನೆ. ರೋಗಿಗೆ ಧರ್ಮ ಕೊಟ್ಟಿರುವ ವಿನಾಯಿತಿ ಎಷ್ಟು ದೊಡ್ಡದೆಂದು ಆಲಿಮರಿಗೆ ಗೊತ್ತು. ತಯಮ್ಮುಮ್ ಇದೆ, ಮಲಗಿಕೊಂಡೇ ಸನ್ನೆಯಿಂದ ನಮಾಝ್ ಮಾಡಬಹುದು. ಆದರೆ ಮಗ ಹೇಳಿದರೆ, ಡಾಕ್ಟರ್ ಹೇಳಿದರೆ ಅವರಿಗೆ ಸಮಾಧಾನ ಆಗದು. ಇಮಾಮ್ ಸಾಹೇಬರನ್ನು ಮನೆಗೆ ಕರೆಸಿ. ಅವರು ಪಕ್ಕದಲ್ಲಿ ಕುಳಿತು ಹತ್ತು ನಿಮಿಷ ಮಾತಾಡಿದರೆ, ನಿದ್ದೆಯ ಮಾತ್ರೆ ಕೊಡದ ನಿದ್ದೆ ಬರುತ್ತದೆ.

ಈಗ ಆ ಎರಡನೆಯ ರೋಗಿಯ ಮಾತು.

ಇಂಥ ಮನೆಗೆ ಹೋದಾಗ ನಾನು ಮೊದಲು ಬಿ.ಪಿ. ಪಟ್ಟಿ ಕಟ್ಟುವುದು ಸೊಸೆಯ ತೋಳಿಗೆ. ಮನೆಯವರು "ಡಾಕ್ಟ್ರ, ಪೇಶಂಟ್ ಒಳಗ ಅದಾರ್ರಿ" ಎನ್ನುತ್ತಾರೆ. ಗೊತ್ತಿದೆ. ಆದರೆ ಮೂವತ್ತೈದು ನಲವತ್ತರ ಆ ಹೆಣ್ಣುಮಗಳ ಬಿ.ಪಿ.ಯನ್ನು ಹೆರಿಗೆಯಾದ ಮೇಲೆ ಯಾರೂ ನೋಡಿರುವುದಿಲ್ಲ. ರಾತ್ರಿ ನಾಲ್ಕು ಸಲ ಎದ್ದಿರುತ್ತಾಳೆ. ತನಗಿಂತ ಭಾರದ ದೇಹವನ್ನು ಒಬ್ಬಳೇ ಎತ್ತಿ ಎತ್ತಿ ಸೊಂಟ ಹಿಡಿದಿರುತ್ತದೆ. (ರೋಗಿಯ ಕೆಳಗೆ ಅಡ್ಡಲಾಗಿ ದಪ್ಪ ಚಾದರ ಹಾಸಿ, ಇಬ್ಬರು ಎರಡು ಬದಿ ನಿಂತು ಚಾದರವನ್ನೇ ಹಿಡಿದು ಸರಿಸಿ. ಎತ್ತುವ ಕೆಲಸವೇ ಇರುವುದಿಲ್ಲ. ಇಬ್ಬರು ಎಂದೆ, ನೆನಪಿರಲಿ.) ತವರಿನ ಮದುವೆಗೂ ಹೋಗಿರುವುದಿಲ್ಲ. ಬೀಡಿ ಕಟ್ಟುವುದೋ ಹೊಲಿಗೆಯೋ ಇದ್ದರೆ ಆ ಗಳಿಕೆ ಎಂದೋ ನಿಂತಿರುತ್ತದೆ. "ಮನೆಯಲ್ಲಿ ನೋಡಿಕೊಂಡರೆ ಖರ್ಚಿಲ್ಲ" ಎನ್ನುತ್ತೇವಲ್ಲ, ಆ ಖರ್ಚನ್ನು ಭರಿಸುತ್ತಿರುವವಳು ಇವಳು.

ತಂದೆತಾಯಿಯ ಹಕ್ಕಿನ ಬಗ್ಗೆ ಖುತ್ಬಾಗಳಲ್ಲಿ ಎಷ್ಟೋ ಕೇಳಿದ್ದೇವೆ. ಆ ಹಕ್ಕು ಮಕ್ಕಳ ಮೇಲಿನದು. ಸೊಸೆ ಮಾಡುವುದು ಅವಳ ಔದಾರ್ಯ. ಸಂದೇಹವಿದ್ದರೆ ನಿಮ್ಮೂರಿನ ಆಲಿಮರನ್ನು ಕೇಳಿ. ಅಬ್ಬಾನ ಶೌಚದ ಬಟ್ಟೆ ಬದಲಿಸುವುದು ಗಂಡುಮಗನ ಕೈಗೆ ಅವಮಾನವಲ್ಲ. ಪುಣೆಯಲ್ಲೋ ಗಲ್ಫಿನಲ್ಲೋ ದುಡಿಯುವ ಮಗನನ್ನು ಬೈಯುವವರ ಜೊತೆ ನಾನಿಲ್ಲ, ಅವನು ಕಳಿಸುವ ಹಣದಿಂದಲೇ ಔಷಧ ಬರುತ್ತಿರುತ್ತದೆ. ಆದರೆ ರಜೆಗೆ ಬಂದಾಗ ಅವನು ಅಬ್ಬಾನ ಕೋಣೆಯಲ್ಲಿ ಮಲಗಲಿ, ಹೆಂಡತಿ ಬೇರೆ ಕೋಣೆಯಲ್ಲಿ ಬೆಳಗಿನವರೆಗೆ ನಿದ್ದೆ ಮಾಡಲಿ. ಊರಲ್ಲಿರುವ ಹೆಣ್ಣುಮಕ್ಕಳು, ಅಳಿಯಂದಿರು, ಚಾಚಾನ ಮಕ್ಕಳು ವಾರದ ಒಂದೊಂದು ದಿನ ಹಂಚಿಕೊಳ್ಳಲಿ.

ಸರಕಾರ ಏನೂ ಮಾಡುತ್ತಿಲ್ಲ ಎನ್ನುವುದೂ ಸರಿಯಲ್ಲ. 2024ರಲ್ಲಿ ಕೋಲಾರದಲ್ಲಿ ಶುರುವಾದ 'ಗೃಹ ಆರೋಗ್ಯ' ಯೋಜನೆ ಮರುವರ್ಷ ರಾಜ್ಯಕ್ಕೆಲ್ಲ ವಿಸ್ತರಿಸಿತು. 30 ದಾಟಿದವರ ಬಿ.ಪಿ., ಸಕ್ಕರೆ, ಕೆಲವು ಬಗೆಯ ಕ್ಯಾನ್ಸರ್‌ಗಳನ್ನು ಮನೆಬಾಗಿಲಲ್ಲೇ ತಪಾಸಣೆ ಮಾಡಿ ಮಾತ್ರೆ ಕೊಡುವುದು ಅದರ ಉದ್ದೇಶ. ಲಕ್ವ ತಡೆಯಲು ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಆಶಾ ಕಾರ್ಯಕರ್ತೆ ಬಂದರೆ "ನಮಗೇನೂ ಇಲ್ಲ" ಎಂದು ಬಾಗಿಲಿಂದಲೇ ಕಳಿಸಬೇಡಿ. ಆದರೆ ಅದರ ಮುಖ್ಯ ಗುರಿ ರೋಗ ಪತ್ತೆ. ಈಗಾಗಲೇ ಹಾಸಿಗೆ ಹಿಡಿದವರ ಮಗ್ಗುಲು ಬದಲಿಸಲು ಯಾರೂ ಬರುವುದಿಲ್ಲ. ತೀವ್ರ ಅಂಗವೈಕಲ್ಯದ ಕೆಲವು ಕಾಯಿಲೆಗಳಲ್ಲಿ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂ. ಕೊಡುವುದಾಗಿ 2024ರ ರಾಜ್ಯ ಬಜೆಟ್ ಹೇಳಿತು. ಲಕ್ವದ ಮನೆಗಳನ್ನೂ ಅದಕ್ಕೆ ಸೇರಿಸಬೇಕೆಂದು ನಾವು ಕೇಳಬೇಕು. ಕೇರಳದಲ್ಲಿ 'ಆಶ್ವಾಸಕಿರಣಂ' ಎಂಬ ಹೆಸರಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ 600 ರೂ. ನಿಗದಿ ಮಾಡಿದ್ದಾರೆ. ಮೊತ್ತ ಚಿಕ್ಕದು, ಆದರೆ ಆ ಕೆಲಸ ಕೆಲಸವೇ ಎಂದು ಒಪ್ಪಿಕೊಂಡಂತಾಯಿತು. ಅಂದಹಾಗೆ, ಲಕ್ವದಿಂದ ಕೈಕಾಲು ಸೋತವರಿಗೂ ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಬಹುದು. ಬಹಳ ಮಂದಿ ಹಾಕಿಲ್ಲ.

ಕೇರಳದ ಹೆಸರು ಬಂದಿದ್ದರಿಂದ ಮಲಪ್ಪುರಂ ಬಗ್ಗೆ ಹೇಳಲೇಬೇಕು. 1993ರಲ್ಲಿ ಕೋಝಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಕೆಲ ವೈದ್ಯರು ನೋವು ಉಪಶಮನದ ಕ್ಲಿನಿಕ್ ತೆರೆದರು. ಆ ಕೆಲಸ ಆಸ್ಪತ್ರೆಯ ಗೋಡೆ ದಾಟಿ ಹರಡಿದ್ದು ನೆರೆಹೊರೆಯವರಿಂದ, ಅದರಲ್ಲೂ ಮಲಪ್ಪುರಂ ಜಿಲ್ಲೆಯಲ್ಲಿ. ಅಂಗಡಿಯವರು, ಮೇಷ್ಟ್ರು, ಆಟೋ ಚಾಲಕರು, ಗೃಹಿಣಿಯರು ಕೆಲವು ದಿನ ತರಬೇತಿ ಪಡೆದು ವಾರಕ್ಕೆ ಒಂದೆರಡು ಗಂಟೆ ಕೊಟ್ಟರು. ತರಬೇತಿ ಪಡೆದ ನರ್ಸ್ ಜೊತೆ ಮನೆಮನೆಗೆ ಹೋದರು. ಚಿಲ್ಲರೆ ಕಾಸು ಕೂಡಿಸಿ ನಡೆಸಿದರು. 2008ರಲ್ಲಿ ಕೇರಳ ಸರಕಾರ ಉಪಶಾಮಕ ಆರೈಕೆಗೆಂದೇ ನೀತಿ ತಂದಿತು, ಪಂಚಾಯಿತಿಗಳು ಮನೆ ಭೇಟಿಯನ್ನು ವಹಿಸಿಕೊಂಡವು. ನಮ್ಮಂಥದ್ದೇ ಜನ, ನಮ್ಮಂಥದ್ದೇ ಮೊಹಲ್ಲಾಗಳು.

ನಮ್ಮ ಜಮಾಅತಿನ ಕೋಣೆಯ ಬೀಗ ತೆಗೆದು ನೋಡಿ. ಶಾದಿಯ ದೇಗುಗಳಿವೆ, ಜಮಖಾನೆಗಳಿವೆ, ಮಯ್ಯತ್ ಹೊರುವ ಜನಾಝಾ ಇದೆ. ಬದುಕಿರುವ ರೋಗಿಗೆ ಕೊಡಲು ಒಂದು ಏರ್‌ಬೆಡ್ ಇದೆಯೇ? ಕಮೋಡ್ ಕುರ್ಚಿ, ಗಾಲಿಕುರ್ಚಿ, ತಲೆಯ ಕಡೆ ಎತ್ತರಿಸಬಹುದಾದ ಮಂಚ? ಒಂದು ಮನೆಯಲ್ಲಿ ಕೆಲಸ ಮುಗಿದ ಮೇಲೆ ಈ ಸಾಮಾನು ಅಟ್ಟ ಸೇರುತ್ತದೆ. ತೀರಿಕೊಂಡವರ ನೆನಪೆಂದು ಯಾರೂ ಮುಟ್ಟುವುದಿಲ್ಲ. ಅದನ್ನು ತೊಳೆದು ಜಮಾಅತಿಗೆ ಕೊಟ್ಟರೆ ಮುಂದಿನ ಮನೆಗೆ ಹೋಗುತ್ತದೆ. ಯಾವ ಧರ್ಮದ ಮನೆ ಎಂದು ಕೇಳದೆ ಕೊಡಿ. ಹಾಸಿಗೆ ಹುಣ್ಣು ಅದನ್ನು ಕೇಳುವುದಿಲ್ಲ.

"ಹೊರಗಿನವರು ಒಳಕೋಣೆಗೆ ಬರುವುದು ಹೇಗೆ, ಪರದೆ ಇದೆಯಲ್ಲ" ಎಂಬ ಮಾತು ಬರುತ್ತದೆ. ಹಾಗಿದ್ದರೆ ಮೊಹಲ್ಲಾದ ಹೆಣ್ಣುಮಕ್ಕಳೇ ಕಲಿಯಲಿ. ಹತ್ತನೆಯವರೆಗೆ ಓದಿ ಮನೆಯಲ್ಲಿರುವ ನಾಲ್ವರನ್ನು ಆರಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಬಳಿ ಮಗ್ಗುಲು ಬದಲಿಸುವುದು, ಹುಣ್ಣು ಗುರುತಿಸುವುದು, ಪೈಪ್ ನೋಡಿಕೊಳ್ಳುವುದನ್ನು ಕಲಿಸಿ. ಅವರಿಗೆ ಗೌರವಧನ ಕೊಡಿ, ಬರೀ ದುಆ ಸಾಲದು. ವಾರಕ್ಕೊಮ್ಮೆ ಒಂದು ಮನೆಗೆ ಹೋಗಿ ಎರಡು ಗಂಟೆ ಕುಳಿತರೆ ಆ ಮನೆಯ ಸೊಸೆ ಅಷ್ಟು ಹೊತ್ತು ಮಲಗಬಹುದು, ಸಂತೆಗೆ ಹೋಗಿ ಬರಬಹುದು. ಗೋವಾದ ಸಲಹೆಗಾರರು ಮಾಡಿದ್ದು ಇದಕ್ಕಿಂತ ಬಹಳ ಬೇರೆಯದೇನಲ್ಲ.

ಇದಕ್ಕೆಲ್ಲ ಮೊದಲು ಒಂದು ಪಟ್ಟಿ ಬೇಕು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಅಥಣಿ ತಾಲೂಕಿನ ಹೊಳೆದಂಡೆಯ ಊರುಗಳಿಗೆ ನುಗ್ಗಿದ್ದು ನಿಮಗೆ ನೆನಪಿದೆ. ನಡೆಯಬಲ್ಲವರು ನಡೆದರು. ನಡೆಯಲಾಗದವರು ಯಾವ ಯಾವ ಮನೆಯಲ್ಲಿ ಇದ್ದಾರೆಂದು ಮೊದಲೇ ಬರೆದಿಟ್ಟ ಕಾಗದ ಕೈಯಲ್ಲಿದ್ದರೆ ದೋಣಿ ಮೊದಲು ಎಲ್ಲಿಗೆ ಹೋಗಬೇಕೆಂದು ಗೊತ್ತಾಗುತ್ತದೆ. ಒಂದು ನೂರು ಪುಟದ ವಹಿ ಸಾಕು. ಈ ಶುಕ್ರವಾರ ಜುಮಾ ಮುಗಿದ ಮೇಲೆ ಜಮಾಅತಿನ ಇಬ್ಬರು ಯುವಕರು ಓಣಿ ಹಂಚಿಕೊಂಡು ಬರೆಯಲಿ, ಒಂದು ಪ್ರತಿ ಆಶಾ ಕಾರ್ಯಕರ್ತೆಗೆ, ಒಂದು ಪಂಚಾಯಿತಿಗೆ. ಹಾಸಿಗೆ ಹಿಡಿದವರ ಹೆಸರು, ವಯಸ್ಸು, ಎಷ್ಟು ದಿನದಿಂದ ಮಲಗಿದ್ದಾರೆ, ಹುಣ್ಣು ಇದೆಯೇ, ಪೈಪ್ ಇದೆಯೇ. ಅದೇ ಸಾಲಿನಲ್ಲಿ ಆರೈಕೆ ಮಾಡುವವರ ಹೆಸರು, ವಯಸ್ಸು, ಕೊನೆಯ ಸಲ ಬಿ.ಪಿ. ನೋಡಿಸಿದ ತಾರೀಖು, ಮತ್ತು ಅವರಿಗೆ ಜ್ವರ ಬಂದರೆ ಆ ದಿನ ಯಾರು ನೋಡಿಕೊಳ್ಳುತ್ತಾರೆ ಎಂಬುದು.